ನಡೆದು ಬರುವ ಅಕ್ಕೋರು

"ಅಲ್ರೀ ಅಕ್ಕೋರೆ, ನಮ್ಮ ಗಾಡಿಗೇನು ಮುಳ್ಳು ಹಚ್ಚೇವೇನ್ರಿ? ಇವತ್ತರ ಹತ್ತರಿ!"

ಹಾಲಿನ ಮಲ್ಕಪ್ಪ ಬೈಕಿನ ಎರಡೂ ಬದಿಗೆ ಕ್ಯಾನು ತೂಗುಬಿಟ್ಟು, ಒಂದು ಕಾಲು ನೆಲಕ್ಕೂರಿ ನಿಂತಿದ್ದ. ಹಿಂದಿನ ಸೀಟನ್ನು ಹೆಗಲ ಟವೆಲಿನಿಂದ ಒರೆಸಿ ಜಾಗವನ್ನೂ ಮಾಡಿಬಿಟ್ಟಿದ್ದ.

"ಬ್ಯಾಡೋ ಮಲ್ಕಪ್ಪ. ಡಾಕ್ಟರು ನಡೀರಿ ಅಂದಾರ."

"ಡಾಕ್ಟರಿಗೇನ್ರಿ, ಕಲಬುರಗ್ಯಾಗ ಫ್ಯಾನಿನ ಕೆಳಗ ಕುಂತು ಏನರ ಅಂತಾರ. ಬೈಸಿಕೊಳ್ಳೋನು ನಾ. ನಿನ್ನೆ ನಮ್ಮವ್ವ ಕೇಳಿದ್ಲು, 'ಹಿಂದಿನ ಸೀಟು ಖಾಲಿ ಇಟಗೊಂಡು ಅಕ್ಕೋರ್ನ ದಾರ್ಯಾಗ ಬಿಟ್ಟು ಬರ್ತಿಯಲ್ಲ, ನಾಚಿಕಿ ಬರಂಗಿಲ್ಲೇನು ನಿನಗ' ಅಂತ."

"ನಿಮ್ಮವ್ವಗ ನಾ ಹೇಳ್ತೇನಿ ತಗೋ. ನೀ ನಡಿ, ಹಾಲು ಒಡದೀತು."

ಪ್ರಮಿಲಾ ಬಲಗೈ ಎತ್ತಿ, ಅಂಗೈಯಿಂದ ಗಾಳಿಯನ್ನು ಮುಂದಕ್ಕೆ ತಳ್ಳುವಂತೆ ಎರಡು ಸಲ ಬೀಸಿದರು. ಮಲ್ಕಪ್ಪ ತಲೆ ಕೊಡವಿ, ಕ್ಯಾನು ಗಡಗಡ ಅನಿಸುತ್ತ ಹೋದ.

ಆ ಕೈಬೀಸು ಈಗ ಭೂಸನೂರ ದಾರಿಯಲ್ಲಿ ಎಲ್ಲರಿಗೂ ಗೊತ್ತು. ನಾನು ಆರಾಮ ಇದ್ದೇನೆ, ನೀವು ಮುಂದೆ ನಡೀರಿ ಎಂದು ಅದರ ಅರ್ಥ. ಈ ಕಡೆಯ ಪದ್ಧತಿ ಹೇಗಪ್ಪಾ ಅಂದರೆ, ಗುರುತಿನವರು ನಡೆದು ಹೋಗುವುದನ್ನು ಕಂಡೂ ಗಾಡಿ ನಿಲ್ಲಿಸದೆ ಹೋದವನಿಗೆ ಸಂಜೆ ಕಟ್ಟೆಯ ಮೇಲೆ ಮಂಗಳಾರತಿ ತಪ್ಪಿದ್ದಲ್ಲ. ಅಂಥದ್ದರಲ್ಲಿ ಊರಿನ ಅರ್ಧ ಮಂದಿಗೆ ಅಕ್ಷರ ತಿದ್ದಿಸಿದ ಪ್ರಮಿಲಾ ಅಕ್ಕೋರು ಆಳಂದದ ಬಸ್ಸಿಗೆ ಬಂದು, ಕ್ರಾಸಿನಲ್ಲಿ ಇಳಿದು, ಡಬ್ಬಿಯ ಚೀಲ ಹೆಗಲಿಗೇರಿಸಿ ಹರಕೆ ಹೊತ್ತವರ ಹಾಗೆ ಶಾಲೆಯ ತನಕ ನಡೆಯುವುದೆಂದರೆ! ಮೊದಮೊದಲು ಒಬ್ಬೊಬ್ಬರಿಗೂ ನಿಂತು ಕತೆ ಹೇಳಬೇಕಾಯಿತು. ರಕ್ತದಲ್ಲಿ ಸಕ್ಕರೆ ಕಂಡಿದೆ, ಇನ್ನೂ ಗಡಿಯಲ್ಲಿದೆ, ಗುಳಿಗೆಗಿಂತ ಮೊದಲು ಕಾಲಿಗೆ ಕೆಲಸ ಕೊಡಿ ಅಂದಿದ್ದಾರೆ ಎಂದು. "ಸಕ್ಕರಿ ಫ್ಯಾಕ್ಟರಿ ಇರೋ ಊರಾಗ ನೌಕರಿ ಮಾಡಿದ್ರ ಮತ್ತೇನು ಬರ್ತದ್ರಿ ಅಕ್ಕೋರೆ, ಉಪ್ಪು ಬರ್ತದೇನು?" ಎಂದು ಕ್ರಾಸಿನ ಚಹದಂಗಡಿಯ ಸುಭದ್ರಾಬಾಯಿ ನಗೆಯಾಡಿದ್ದಳು. ಹೇಳಿ ಹೇಳಿ ಬಾಯಿ ನೊಂದ ಮೇಲೆ ಕೈಬೀಸು ಹುಟ್ಟಿಕೊಂಡಿತು.

ನಡಿಗೆಯಿಂದ ಮೊಣಕಾಲು ಹಗುರಾಯಿತು, ರಾತ್ರಿ ನಿದ್ದೆ ಬಂತು, ಅದೆಲ್ಲ ಸರಿ. ಆದರೆ ಡಾಕ್ಟರು ಹೇಳದೆ ಬಿಟ್ಟ ಲಾಭವೇ ಪ್ರಮಿಲಾಗೆ ಹೆಚ್ಚು ರುಚಿಸಿತ್ತು. ಇಷ್ಟು ವರ್ಷ ಟಂಟಂ ಆಟೋದಲ್ಲಿ, ಯಾರದೋ ಬೈಕಿನ ಹಿಂದೆ, ಸೆರಗು ಹಿಡಿದುಕೊಂಡು ಕಣ್ಣು ಕಿರಿದು ಮಾಡಿ ದಾಟಿದ ದಾರಿ ಇದು. ಈಗ ಅದು ಮಾತಾಡತೊಡಗಿತ್ತು. ಯಾವ ಹೊಲದಲ್ಲಿ ಗಂಡ ಹೆಂಡಿರ ಜಗಳ ನಡೆದಿದೆ, ಯಾವ ತೊಗರಿಯ ಸಾಲಿನಲ್ಲಿ ತಮ್ಮ ಏಳನೆಯ ಇಯತ್ತೆಯ ಹುಡುಗಿ ಶಾಲೆ ತಪ್ಪಿಸಿ ಅಡಗಿದ್ದಾಳೆ, ಎಲ್ಲ ಕಿವಿಗೆ ಬೀಳುತ್ತಿತ್ತು. ತುಸು ಮೊದಲು ಎಡಗಡೆಯ ಕಬ್ಬಿನೊಳಗೆ ಯಾರದೋ ಬೋರಿನ ಮೋಟರು ಗುಂಯ್‌ಗುಡುತ್ತಿದ್ದುದನ್ನೂ, ಪೈಪಿನ ನೀರು ಕಾಲುವೆಗೆ ದುಮುಕುವುದನ್ನೂ ಕೇಳಿಕೊಂಡೇ ಬಂದಿದ್ದರು.

ಡಿಸೆಂಬರಿನ ಮುಂಜಾನೆ. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಕಬ್ಬಿನ ಗಾಡಿಗಳಿಗೆ ದಾರಿ ಬಿಟ್ಟು ಹುಲ್ಲಂಚಿನಲ್ಲೇ ನಡೆಯುವುದು ಅವರ ರೂಢಿ. ಸೀರೆಯ ಅಂಚು ತೊಯ್ದು ಕಣಕಾಲಿಗೆ ಅಂಟುತ್ತಿತ್ತು.

ಹಳ್ಳದ ಸೇತುವೆ ದಾಟಿ ತಿರುವು ಮುಗಿಸುತ್ತಲೇ ಅವರ ಕಾಲು ತಾವಾಗಿ ನಿಂತವು.

ರಸ್ತೆಯ ಪಕ್ಕದ ಕರೆಂಟಿನ ಕಂಬ ಸೊಟ್ಟಗಾಗಿತ್ತು. ರಾತ್ರಿ ನೀರು ಕುಡಿದ ಎರೆ ಭೂಮಿ ಅದರ ಬುಡವನ್ನು ಸಡಿಲ ಬಿಟ್ಟಿತ್ತು. ನಿನ್ನೆ ಸಂಜೆ ತಲೆ ಎತ್ತಿ ನೋಡಬೇಕಾಗಿದ್ದ ತಂತಿಗಳು ಈಗ ರಸ್ತೆಯ ಮೇಲೆ ಅಡ್ಡಡ್ಡ ಜೋಲಿಯ ಹಾಗೆ ಇಳಿಬಿದ್ದಿದ್ದವು. ಮಲ್ಕಪ್ಪ ಈಗತಾನೆ ಅದರ ಕೆಳಗಿಂದಲೇ ಹೋಗಿದ್ದಾನೆ. ಅವನಿಗೆ ಕಂಡಿಲ್ಲ. ಬೈಕಿನವನಿಗೆ ಕಾಣುವುದು ಮುಂದಿನ ಗುಂಡಿ ಮಾತ್ರ.

ಬೈಕು ಹೋದೀತು, ಟಂಟಂ ಹೋದೀತು. ಆದರೆ ಇದು ಕಬ್ಬಿನ ಹಂಗಾಮು. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರು, ಅದರ ಮೇಲೆ ಮನೆಯ ಮಾಳಿಗೆಯ ಎತ್ತರ ಕಬ್ಬು. ಆ ಕಬ್ಬಿನ ಮೇಲೆ, ಹಾಸಿಗೆ ಹಾಸಿದವರ ಹಾಗೆ, ಕಡಿಯುವ ಮಂದಿ ಕುಳಿತಿರುತ್ತಾರೆ.

ಪ್ರಮಿಲಾ ಗಡಬಡಿಸಿ ಮೊಬೈಲು ತೆಗೆದು ಲೈನ್‌ಮನ್ ಮುಜಮ್ಮಿಲನಿಗೆ ಹಚ್ಚಿದರು. ರಿಂಗು ಆಗಿ ಆಗಿ ನಿಂತಿತು. ಮತ್ತೆ ಹಚ್ಚಿದರು. ಈ ಸಲ ಎತ್ತಿದ. ಗಾಳಿಯ ಸದ್ದು ಭರ್ ಎನ್ನುತ್ತಿತ್ತು.

"ಅಕ್ಕೋರೆ, ನಾ ಕಂಬದ ಮ್ಯಾಲ ಇದ್ದೇನ್ರಿ, ಕೆಳಗ ಇಳದು ಮಾಡ್ತೇನಿ."

"ಇಲ್ಲಿ ತಂತಿ ಕೆಳಗ ಬಂದದ! ಹಳ್ಳದ ಹಂತ್ಯಾಕ..."

ಕಟ್ಟಾಯಿತು. ಕೇಳಿಸಿತೋ ಇಲ್ಲವೋ.

ಮತ್ತೊಮ್ಮೆ ಒತ್ತುವಷ್ಟರಲ್ಲಿ ಹಿಂದಿನಿಂದ ಹಾಡು ಬಂತು. ಹಾಡಲ್ಲ, ಎದೆಗೂಡಿನ ಮೇಲೆ ಹಲಗೆ ಬಡಿದಂಥ ಡೆಕ್ಕಿನ ಸಪ್ಪಳ. ಕಬ್ಬಿನ ಟ್ರ್ಯಾಕ್ಟರಿನವರು ನಿದ್ದೆ ಬಾರದಿರಲೆಂದು ಆಳೆತ್ತರದ ಸ್ಪೀಕರು ಕಟ್ಟಿಸಿಕೊಂಡಿರುತ್ತಾರೆ. ಈ ಡೆಕ್ಕು ಯಾರದೆಂದು ಪ್ರಮಿಲಾಗೆ ನೋಡದೆಯೇ ಗೊತ್ತು. ಗುರುಶಾಂತನದು. ಅವರ ಕೈಯಲ್ಲೇ ಮಗ್ಗಿ ಕಲಿತವನು. ಅವನ ಹೇರಿನ ಮೇಲೆ ದಿನಾ ಕೂತು ಬರುವವರು ಸೈದಪ್ಪ ಮತ್ತು ಅವನ ಹೆಂಡತಿ ಕಾಶಿಬಾಯಿ. "ಅಕ್ಕೋರೆ, ಮ್ಯಾಲ ಬರ್ರಿ, ವಿಮಾನದಾಗ ಕುಂತಂಗ ಆಗ್ತದ" ಎಂದು ಕಾಶಿಬಾಯಿ ಮೇಲಿಂದ ಕೂಗುವುದು ರೂಢಿ.

ಪ್ರಮಿಲಾ ರಸ್ತೆಗೆ ಬಂದು, ಟ್ರ್ಯಾಕ್ಟರಿನ ಕಡೆಗೆ ಮುಖ ಮಾಡಿ, ಕೈ ಎತ್ತಿ ಜೋರಾಗಿ ಬೀಸಿದರು.

ಗುರುಶಾಂತ ಹಲ್ಲು ಕಿಸಿದ. ತಾನೂ ಕೈ ಎತ್ತಿದ. ಪೊಂ ಪೊಂ ಎಂದು ಹಾರ್ನು ಹೊಡೆದ. ನೀವು ಹೇಳೋದು ಗೊತ್ತದ್ರಿ ಅಕ್ಕೋರೆ, ನಾ ಹೋಗ್ತೇನಿ ಅನ್ನುವ ಹಾಗೆ ಗೇರು ಬದಲಿಸಿದ.

ಅಯ್ಯೋ ದೇವರೆ, ಈ ಕೈ!

ಎರಡೂ ಕೈ ಎತ್ತಿದರು. ಕೂಗಿದರು. ಅವರ ದನಿ ಅವರಿಗೇ ಕೇಳಿಸಲಿಲ್ಲ. ಮೇಲೆ ಕಾಶಿಬಾಯಿ ಕೂಡ ಎದ್ದು ಕುಳಿತು ಎರಡೂ ಕೈ ಬೀಸಿ ನಕ್ಕಳು. ಅಕ್ಕೋರು ಇವತ್ತು ಬಾಳ ಖುಷಿಯಲ್ಲಿದ್ದಾರೆ ಎಂದುಕೊಂಡಳೇನೋ. ಪ್ರಮಿಲಾ ನಡುದಾರಿಗೆ ಬಂದರೆ ಗುರುಶಾಂತ ಟ್ರ್ಯಾಕ್ಟರನ್ನು ಬಲಕ್ಕೆ ತಿರುವಿದ. ಅವರೂ ಬಲಕ್ಕೆ ಸರಿದರು. ಅವನು ಎಡಕ್ಕೆ ತಂದ. ರಸ್ತೆ ದಾಟಲು ಗೊಂದಲಪಡುವ ಮುದುಕಿಗೆ ದಾರಿ ಬಿಡುವವನ ಹಾಗೆ ತಾಳ್ಮೆಯಿಂದ ಬಿಟ್ಟುಕೊಡುತ್ತಲೇ ಬರುತ್ತಿದ್ದ. ಅವರ ಬೆನ್ನ ಹಿಂದೆ ತಂತಿ.

ಇವನು ತಿಂಗಳುಗಟ್ಟಲೆ ನನ್ನನ್ನು ನಡೆಯುವುದರಲ್ಲೇ ನೋಡಿದ್ದಾನೆ. ನಡೆಯುವುದು, ನಿಲ್ಲುವುದು, ಕೈ ಬೀಸುವುದು, ಇವ್ಯಾವುವೂ ಇವನಿಗೆ ಹೊಸವಲ್ಲ. ಹಾಗೆಂದು ಹೊಳೆದದ್ದೇ ತಡ, ಪ್ರಮಿಲಾ ಡಾಂಬರಿನ ಮೇಲೆ ದೊಪ್ಪನೆ ಕುಳಿತುಬಿಟ್ಟರು. ಚೀಲ ಜಾರಿ ಡಬ್ಬಿ ಉರುಳಿತು.

ಬ್ರೇಕು ಚೀರಿತು. ಹಿಂದಿನ ಹೇರು ಮುಂದಕ್ಕೆ ತಳ್ಳಿತು. ಟೈರು ಉಜ್ಜಿದ ವಾಸನೆ ಮೂಗಿಗೆ ಬಡಿಯಿತು. ಟ್ರ್ಯಾಕ್ಟರು ಮೂತಿಯ ಬಿಸಿ ಅವರ ಮುಖಕ್ಕೆ ತಾಗುವಷ್ಟು ಹತ್ತಿರ ಬಂದು ನಿಂತಿತು.

ಗುರುಶಾಂತ ಹಾರಿ ಇಳಿದು ಬಂದ. "ಅಕ್ಕೋರೆ! ಏನಾತ್ರಿ? ಚಕ್ಕರ ಬಂತೇನ್ರಿ? ಸಕ್ಕರಿ ಇಳೀತೇನು?"

ಪ್ರಮಿಲಾ ಹಿಂದಕ್ಕೆ ಬೆರಳು ತೋರಿಸಿದರು. ಅವನು ನೋಡಿದ. ಕಣ್ಣು ಅಗಲವಾದವು. ಒಂದು ಗಳಿಗೆ, ಅಷ್ಟೇ. ಆಮೇಲೆ ಅವನ ಭುಜ ಸಡಿಲಾಯಿತು.

"ಇಷ್ಟಾ? ಎಪ್ಪಾ, ನಾ ಹೆದರೇ ಬಿಟ್ಟಿದ್ದೆ. ಸೈದಪ್ಪ ಕಾಕಾ! ಮುಂದ ಲೈನು ಜೋತಾಡಾಕತ್ತದ. ಗಳ ತಗೀ!"

ಕಬ್ಬಿನ ಮೇಲಿಂದ ಸೈದಪ್ಪ ಎದ್ದು ನಿಂತ. ಅವನ ಕೈಯಲ್ಲಿ ತುದಿ ಕವಲಾದ ಉದ್ದನೆಯ ಬಿದಿರಿನ ಗಳ. ಪ್ರತಿ ಹೇರಿನ ಮೇಲೂ ಇಂಥದ್ದೊಂದು ಇರುತ್ತದೆ. ಊರೊಳಗೆ ಮನೆಮನೆಗೆ ಎಳೆದ ಸರ್ವೀಸ್ ವೈರು ಅಡ್ಡ ಬಂದರೆ ಕವಲಿನಲ್ಲಿ ಎತ್ತಿ ಹಿಡಿದು ಗಾಡಿ ದಾಟಿಸುವುದು ಇವರ ದಿನದ ಕೆಲಸ.

"ಸೈದಪ್ಪ, ಬ್ಯಾಡ!" ಪ್ರಮಿಲಾ ಎದ್ದು ನಿಂತರು. "ಇದು ಮನೀ ವೈರಲ್ಲ, ದೊಡ್ಡ ಲೈನು. ಮುಟ್ಟಿದ್ರ ಸುಟ್ಟು ಹೋಗ್ತಿ!"

"ಅದರಾಗ ಕರೆಂಟೇ ಇಲ್ರಿ ಅಕ್ಕೋರೆ," ಗುರುಶಾಂತ ಡೆಕ್ಕಿನ ಸದ್ದಿನ ಮೇಲೆ ಕೂಗಿದ. "ಇದು ಹೊಲದ ಲೈನು. ಈ ವಾರ ಕರೆಂಟು ರಾತ್ರಿ ಪಾಳಿ. ಬೆಳಕು ಹರದ್ರ ಬಂದ್. ಬಾಜೂಕ ಸರೀರಿ, ಫ್ಯಾಕ್ಟರಿ ಅಂಗಳದಾಗ ನನ್ನ ನಂಬರ ಹೋಗ್ತದ. ಇವತ್ತು ತಪ್ಪಿದ್ರ ನಾಳೆ ತನಕ ಕಬ್ಬು ಒಣಗಸಗೋತ ಕುಂಡರಬೇಕು."

"ನಾ ಈಗ ಬರೋವಾಗ ಮೋಟರು ನಡದಿತ್ತು. ನನ್ನ ಕಿವೀಲೆ ಕೇಳೇನಿ."

"ನಮ್ಮ ಎಂಜಿನ್ ಸಪ್ಪಳ ಕೇಳೀರಿ ಬಿಡ್ರಿ!"

"ನಾ ಕೇಳಿದಾಗ ನಿನ್ನ ಎಂಜಿನ್ನು ಕ್ರಾಸನ್ನೂ ದಾಟಿರಲಿಲ್ಲ ಲೇ!"

ಗುರುಶಾಂತ ನಕ್ಕ. ಕೆಟ್ಟ ನಗೆಯಲ್ಲ, ಹಿರಿಯರ ಅಂಜಿಕೆಗೆ ಕಿರಿಯರು ನಗುವಂಥದ್ದು. ಮೇಲೆ ಸೈದಪ್ಪ ಗಳ ಹಿಡಿದು ಹೇರಿನ ಮುಂತುದಿಗೆ ಬಂದು ನಿಂತಿದ್ದ. "ಒಣಾ ಬಿದರ ಅದ್ರಿ ಅಕ್ಕೋರೆ, ಇದರಾಗ ಕರೆಂಟ್ ಹರಿಯಂಗಿಲ್ಲ. ಎಷ್ಟ್ ಸಲ ಎತ್ತೇನಿ."

ಒಣಾ ಬಿದಿರು! ಪ್ರಮಿಲಾ ಬಗ್ಗಿ ತಮ್ಮ ಸೀರೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದರು. ಬೆರಳ ಸಂದಿಯಿಂದ ನೀರು ಹನಿಯಿತು.

"ಕಾಶಿಬಾಯಿ, ನೋಡಿಲ್ಲಿ. ಹುಲ್ಲಿನಾಗ ನಡದು ಬಂದೇನಿ, ಅಷ್ಟಕ್ಕ ಹಿಂಗ ತೊಯ್ದದ. ನಿಮ್ಮ ಗಳ ಎಲ್ಲಿತ್ತು ರಾತ್ರಿಪೂರ್ತಿ?"

ಕಾಶಿಬಾಯಿ ಕಬ್ಬಿನ ಮೇಲೆ ಮೊಣಕಾಲೂರಿ ಕುಳಿತಿದ್ದಳು. ನಗು ಮುಖದಿಂದ ಇಳಿದಿತ್ತು. ಅವಳು ಕೈ ಚಾಚಿ ಗಂಡನ ಕೈಯಲ್ಲಿದ್ದ ಗಳವನ್ನು ಸವರಿದಳು. ಅಂಗೈ ತಿರುಗಿಸಿ ನೋಡಿಕೊಂಡಳು. ಸೆರಗಿಗೆ ಒರೆಸಿದಳು.

"ಮಂಜು ಹಿಡದದರಿ," ಎಂದಳು ಗಂಡನಿಗೆ. "ಕೆಳಗ ಇಡ್ರಿ ಅದನ್ನ."

"ಸುಮ್ನ ಕೂಡು ಬೇ. ಲೈನಿನಾಗ ಕರೆಂಟ್ ಇಲ್ಲಂದ್ರ ತೊಯ್ದರೇನು, ಒಣಗಿದ್ರೇನು."

"ಅದ ಮಾತು!" ಗುರುಶಾಂತ ಸೀಟಿಗೆ ಹತ್ತಿದ. "ಅಕ್ಕೋರೆ, ಕೈ ಮುಗೀತೇನಿ, ಸರೀರಿ. ನಿಧಾನಕ್ಕ ಒಯ್ತೇನಿ."

ಪ್ರಮಿಲಾ ಸರಿಯಲಿಲ್ಲ. ಒಳಗೊಂದು ಅನುಮಾನ ಮಾತ್ರ ತಲೆ ಎತ್ತಿತು. ಕೇಳಿದ್ದು ಖರೇನಾ? ಯಾರಾದರೂ ಡೀಸೆಲ್ ಎಂಜಿನ್ ಹಚ್ಚಿದ್ದಿರಬಹುದೇ? ಇಷ್ಟು ಮಂದಿಯ ಹೊಟ್ಟೆಪಾಡು ತಡೆದು ನಿಲ್ಲಿಸಿದ್ದೇನೆ, ಸುಳ್ಳಾದರೆ ನಾಳೆ ಯಾವ ಮುಖ ಹೊತ್ತು ಈ ದಾರಿಯಲ್ಲಿ ನಡೆಯಲಿ? ಆದರೆ ಖರೆಯಾದರೆ?

"ಗುರುಶಾಂತ, ಒಂದ ಕೆಲಸ ಮಾಡು. ಡೆಕ್ಕು ಬಂದ್ ಮಾಡು. ಎಂಜಿನ್ ಬಂದ್ ಮಾಡು. ಮೋಟರು ಕೇಳಲಿಲ್ಲಂದ್ರ ನಾ ಸರೀತೇನಿ."

ಅವನ ಮುಖ ಕಪ್ಪಿಟ್ಟಿತು. "ಸೆಲ್ಫ್ ಕೆಟ್ಟದರಿ ಅಕ್ಕೋರೆ. ಇಲ್ಲಿ ಬಂದ್ ಮಾಡಿದ್ರ ಇಷ್ಟು ಲೋಡಿನ ಮ್ಯಾಲ ಮತ್ತ ಚಾಲೂ ಆಗಂಗಿಲ್ಲ. ಇನ್ನೊಂದು ಗಾಡಿ ತಂದು ಎಳಸಬೇಕು. ಮುಂಜಾನಿ ಪೂರಾ ಹೋಗ್ತದ."

"ಹೋಗ್ಲಿ."

"ಹೋಗ್ಲಿ ಅಂತೀರಿ! ಮಾಲಕ್ಗ ನೀವು ಹೇಳ್ತೀರೇನು?"

"ನಾ ಹೇಳ್ತೇನಿ."

"ಅಕ್ಕೋರೆ!" ಮೇಲಿಂದ ಕಾಶಿಬಾಯಿ ಕೂಗಿದಳು. "ಖರೇ ಹೇಳ್ರಿ, ನೀವು ಮೋಟರು ಕೇಳೀರೋ ಇಲ್ಲೋ?"

ಹೌದು ಎಂದು ಗಟ್ಟಿಯಾಗಿ ಹೇಳಿಬಿಟ್ಟರೆ ಮುಗಿಯುತ್ತಿತ್ತು. ಪ್ರಮಿಲಾಗೆ ಹಾಗೆ ಹೇಳಲು ನಾಲಿಗೆ ಏಳಲಿಲ್ಲ.

"ಕೇಳೇನಿ ತಂಗಿ. ಕರೆಂಟಿನ ಮೋಟರು ಅಂತನ ಅನಸ್ತು. ಪಕ್ಕಾ ಮಾಡಬೇಕಂದ್ರ ಇದು ಬಂದ್ ಆಗಬೇಕು."

ಕಾಶಿಬಾಯಿ ಹೇರಿನ ಹಗ್ಗ ಹಿಡಿದು, ಕಬ್ಬಿನ ತುದಿಗಳ ಮೇಲೆ ಕಾಲಿಡುತ್ತ ಸರಸರ ಕೆಳಗಿಳಿದು ಬಂದಳು. ಬಂದವಳೇ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕಾಲಿಟ್ಟು ಗುರುಶಾಂತನ ಅಂಗಿಯ ತೋಳು ಹಿಡಿದಳು.

"ಬಂದ್ ಮಾಡೋ."

"ಕಾಕೂ, ನೀನರ ತಿಳಕೋ..."

"ಮ್ಯಾಲ ನಿಂತಾಂವ ನಿಮ್ಮಪ್ಪ ಆಗಿದ್ರ ಕೇಳ್ತಿದ್ದೇನು ನಂಬರಾ ಗಿಂಬರಾ? ಮಾಡ್ತಿಯೋ, ನಾನ ಕೈ ಹಾಕಲೋ?"

ಗುರುಶಾಂತ ಹಲ್ಲು ಕಚ್ಚಿದ. ಮೊದಲು ಡೆಕ್ಕು ನಿಂತಿತು. ಆಮೇಲೆ ಅವನು ಎಂಜಿನ್ ಬಂದ್ ಮಾಡುವ ಹಿಡಿ ಎಳೆದ. ಟ್ರ್ಯಾಕ್ಟರು ಎರಡು ಸಲ ಮೈ ಕೊಡವಿ ತಣ್ಣಗಾಯಿತು.

ಏನೂ ಕೇಳಿಸಲಿಲ್ಲ.

ಗುರುಶಾಂತ ಪ್ರಮಿಲಾರ ಕಡೆ ನೋಡಿದ. ಸೈದಪ್ಪನೂ ಮೇಲಿಂದ ನೋಡಿದ. ಎಲ್ಲೋ ಒಂದು ಕಾಗೆ ಕೂಗಿತು. ಪ್ರಮಿಲಾರ ಕಿವಿಯಲ್ಲಿ ಡೆಕ್ಕಿನ ಬಡಿತವೇ ಇನ್ನೂ ಗುಯ್ಯೆನ್ನುತ್ತಿತ್ತು. ಹೋಯಿತು, ನನ್ನ ಮಾತು ಹೋಯಿತು ಎಂದುಕೊಂಡರು.

"ಕೇಳಿದ್ರಿಲ್ರಿ ಅಕ್ಕೋರೆ," ಗುರುಶಾಂತ ಸುರು ಮಾಡಿದ.

"ಶ್!" ಎಂದಳು ಕಾಶಿಬಾಯಿ.

ಮೊದಲು ನೀರು ಕೇಳಿಸಿತು. ಕಬ್ಬಿನ ಆಚೆಯಿಂದ, ತುಂಬಿದ ಪೈಪಿನ ಬಾಯಿಂದ ಬೀಳುವ ನೀರು. ಅದರ ಅಡಿಯಿಂದ, ಕಿವಿ ತಿಳಿಯಾದ ಹಾಗೆ, ಗುಂಯ್ ಎನ್ನುವ ಸಣ್ಣ ಒಂದೇ ಸಮನೆಯ ದನಿ. ಡೀಸೆಲ್ಲಿನ ಟಕಟಕ ಇಲ್ಲ, ಕೆಮ್ಮಿಲ್ಲ. ಮೋಟರೇ. ಒಂದಲ್ಲ, ಆಚೆ ಹೊಲದಲ್ಲೂ ಇನ್ನೊಂದು.

ಸೈದಪ್ಪ ತನ್ನ ಕೈಯಲ್ಲಿದ್ದ ಗಳದ ತುದಿಯನ್ನು ನೋಡಿದ, ಅದರ ನೇರಕ್ಕೆ ಮುಂದಿದ್ದ ತಂತಿಯನ್ನು ನೋಡಿದ. ಹಾವು ಹಿಡಿದವನು ಬಿಡುವ ಹಾಗೆ ಗಳವನ್ನು ಮೆಲ್ಲಗೆ, ತಂತಿಯಿಂದ ದೂರದ ಬದಿಗೆ, ಕಬ್ಬಿನ ಮೇಲೆ ಮಲಗಿಸಿದ.

"ಪಾಳಿ ಬದಲ್ಯಾರ," ಎಂದ ಗುರುಶಾಂತ. "ನಮಗ ಯಾರೂ ಹೇಳಿಲ್ಲ."

"ಕೆಳಗ ಇಳೀರಿ ನೀವು ಮೊದಲ," ಎಂದಳು ಕಾಶಿಬಾಯಿ ಗಂಡನಿಗೆ. ಇಳಿದ ಮೇಲೆ ಅವನ ತೋಳಿಗೆ ಫಟ್ಟನೆ ಒಂದು ಬಿಟ್ಟಳು. "ಎಷ್ಟ್ ಸಲ ಎತ್ತೇನಿ ಅಂತಾರ! ದೊಡ್ಡ ಪೈಲವಾನ!"

ಮೊಬೈಲು ಕುಣಿಯಿತು. ಮುಜಮ್ಮಿಲ.

"ಅಕ್ಕೋರೆ, ತಂತಿ ಅಂದ್ರೇನ್ರಿ? ಅರ್ಧಾನೇ ಕೇಳ್ತು."

ಪ್ರಮಿಲಾ ಹೇಳಿದರು. ಈ ಸಲ ಮಾತು ತಡವರಿಸಲಿಲ್ಲ.

"ಯಾ ಅಲ್ಲಾ... ಅದು ಚಾಲೂ ಲೈನ್ರಿ. ಯಾರನ್ನೂ ಹತ್ರ ಬಿಡಬ್ಯಾಡ್ರಿ. ಕರೆಂಟ್ ಸ್ಟೇಷನ್‌ಗ ಹೇಳಿ ಈಗಿಂದೀಗ ಬಂದ್ ಮಾಡಸ್ತೇನಿ, ನಾ ಬರೋ ತನಕ ನಿಲ್ಲರಿ."

"ನಿಂತೇನಿ," ಎಂದರು. ಎಂದು ಹೇಳಿ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಳಿತುಬಿಟ್ಟರು.

ಗುರುಶಾಂತ ಉರುಳಿದ್ದ ಡಬ್ಬಿಯನ್ನು ಎತ್ತಿ, ಅಂಗಿಗೆ ಒರೆಸಿ, ಚೀಲದಲ್ಲಿಟ್ಟು ತಂದು ಕೊಟ್ಟ. ಮುಖ ಎತ್ತಿ ನೋಡಲಿಲ್ಲ. ಕಬ್ಬಿನ ಆಚೆ ಮೋಟರಿನ ದನಿ ಥಟ್ಟನೆ ಕಡಿದಂತೆ ನಿಂತಿತು. ಪೈಪಿನ ನೀರು ಸಣ್ಣಗಾಗಿ, ಹನಿಹನಿಯಾಗಿ, ಅದೂ ಇಲ್ಲವಾಯಿತು.

"ಅಕ್ಕೋರೆ," ಎಂದ ಗುರುಶಾಂತ ಕೊನೆಗೆ. "ನೀವು ಕೈ ಬೀಸಿದ್ರಿ. ನಾ ದಿನದಂಗ ಹೋಗು ಅಂತೀರಿ ಅನಕೊಂಡೆ."

"ನಂದೂ ತಪ್ಪದಪ್ಪಾ. ಎಲ್ಲಾರಿಗೂ ಅದ ಕೈಯಾಗ ಹೋಗು ಅಂತ ಕಲಿಸಿಬಿಟ್ಟೇನಿ. ನಿಲ್ಲು ಅನ್ನಾಕ ಬ್ಯಾರೇ ಒಂದು ಹುಡುಕಬೇಕು."

"ಕುಂಡರೋದು ಬರಾಬರ್ ಅದ ಬಿಡ್ರಿ," ಎಂದಳು ಕಾಶಿಬಾಯಿ. "ನೋಡಿ ನಮ್ಮ ಜೀವಾನ ಹಾರಿತು."

ಸೈದಪ್ಪ ಮೊದಲ ಸಲ ನಕ್ಕ. ನಗು ಬಾಯಿಯಲ್ಲೇ ಇರುವಾಗ ಹಳ್ಳದ ಕಡೆಯಿಂದ ಇನ್ನೊಂದು ಡೆಕ್ಕಿನ ಬಡಿತ ಗಾಳಿಯಲ್ಲಿ ತೇಲಿ ಬಂತು. ಕಾಶಿಬಾಯಿ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಟ್ರೇಲರುಗಳ ಪಕ್ಕದಿಂದ ಹಿಂದಕ್ಕೆ, ತಿರುವಿನ ಕಡೆಗೆ ಓಡಿ, ನಡುದಾರಿಯಲ್ಲಿ ದೊಪ್ಪನೆ ಕುಳಿತುಬಿಟ್ಟಳು. ತುಸು ಹೊತ್ತಿಗೆ ಬ್ರೇಕು ಚೀರಿತು, ಹಾಡು ಅರ್ಧಕ್ಕೇ ನಿಂತಿತು.